ಸಯ್ಯಾಜಿರಾವ್ ರಸ್ತೆಯಲ್ಲಿ ನಮ್ಮದೊಂದು ಅಂಗಡಿ

ನಂಜನಗೂಡು ಸೀಮೆಯ ನಮ್ಮ ಕೇರಿಯಲ್ಲಿ ‘ಪ್ಯಾಟೆಗೆ ಹೋಯ್ತೀನಿ’ ಅಂದರೆ ಮೈಸೂರಿಗೆ ಹೋಗುವುದು ಅಂತಲೇ ಅರ್ಥ. ನಂಜನಗೂಡಿಗೆ ಹೋಗುವವರು ನಂಜನಗೂಡಿಗೆ ಅಂತಲೇ ಹೇಳುತ್ತಾರೆ. ಪೇಟೆ ಅಂದರೆ ಮೈಸೂರು ಒಂದೇ.

ನಮ್ಮೂರಿನಲ್ಲಿ ಇದ್ದದ್ದು ಒಂದೇ ಅಂಗಡಿ. ಅದರ ಜಗಲಿಗೆ ಮೂರು ಮೆಟ್ಟಿಲು. ಆ ಮೂರರಲ್ಲಿ ಒಂದನ್ನೂ ನಾವು ಹತ್ತಿದವರಲ್ಲ. ಕೆಳಗೆ ನಿಂತು ಕೂಗಬೇಕು. ದುಡ್ಡನ್ನು ಮೆಟ್ಟಿಲ ಮೇಲಿಟ್ಟು ಹಿಂದಕ್ಕೆ ಸರಿಯಬೇಕು. ಉಪ್ಪು, ಮೆಣಸಿನಕಾಯಿ, ಬೆಲ್ಲ ಎಲ್ಲವೂ ಮೇಲಿಂದ ನಮ್ಮ ಟವೆಲಿಗೆ ಬೀಳುವುದು. ಬಿದ್ದದ್ದರ ತೂಕ ಸರಿಯೇ ಅಂತ ಕೇಳುವಂತಿಲ್ಲ. ಹಾಗಿದ್ದ ಕಾಲದಲ್ಲಿ ನಮ್ಮವ್ವ ಮೊದಲ ಸಲ ಮೈಸೂರಿನ ಸಂತೆಪೇಟೆಗೆ ಹೋಗಿ ಮದುವೆ ಸಾಮಾನು ತಂದಳು. ಅಲ್ಲಿನ ಅಂಗಡಿಯವನು ಪೊಟ್ಟಣ ಕಟ್ಟಿ ಅವಳ ಕೈಗೇ ಕೊಟ್ಟನಂತೆ. ಚಿಲ್ಲರೆಯನ್ನು ಅಂಗೈ ಮೇಲೆ ಎಣಿಸಿದನಂತೆ. ಮದುವೆ ಸಾಮಾನು ಏನೇನು ಬಂತು ಅನ್ನುವುದನ್ನು ಬಿಟ್ಟು ಅವ್ವ ಮನೆಮನೆಗೆ ಹೋಗಿ ಹೇಳಿಕೊಂಡದ್ದು ಒಂದೇ ಮಾತು: ‘ಇನ್ನೇನ್ ಬೇಕಮ್ಮ ಅಂದ ಕಣವ್ವ, ನನ್ನ ಅಮ್ಮಾ ಅಂದ!’

1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯನ್ನು ಹಾಡಿ ಹೊಗಳುವವರ ಎದುರಿಗೇ ಹೇಳಿದರು, ಹಳ್ಳಿಯೆಂಬುದು ಸಂಕುಚಿತತನದ, ಅಜ್ಞಾನದ, ಕೋಮುಭಾವನೆಯ ಗೂಡು ಅಂತ. ನಮ್ಮವ್ವನಿಗೆ ಆ ಭಾಷಣ ಗೊತ್ತಿರಲಿಲ್ಲ. ಆದರೆ ಸಂತೆಪೇಟೆಯಿಂದ ಅವಳು ತಂದ ಸುದ್ದಿಯ ಸಾರ ಅದೇ ಆಗಿತ್ತು. ಆದ್ದರಿಂದ ಮೈಸೂರಿನ ಬಗ್ಗೆ ಬರೆಯಲು ಕೂತಾಗ ನಾವು ಬೈಗುಳದಿಂದ ಶುರುಮಾಡಲಾರೆವು. ಈ ಊರಿಗೆ ನಮ್ಮ ಋಣವೂ ಇದೆ, ನಮ್ಮ ತಕರಾರೂ ಇದೆ. ಎರಡನ್ನೂ ಹೇಳಬೇಕು.

ಎಲ್ಲರೂ ಮೊದಲು ನೋಡುವುದು ಅರಮನೆ. ನಾವೂ ನೋಡಿದೆವು. 1897ರಲ್ಲಿ ರಾಜಕುಮಾರಿಯ ಮದುವೆಯ ಹೊತ್ತಿನಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಸಿಕ್ಕಿತು. ಹೆನ್ರಿ ಇರ್ವಿನ್ ಎಂಬ ಬ್ರಿಟಿಷ್ ವಾಸ್ತುಶಿಲ್ಪಿ ಹೊಸದಕ್ಕೆ ನಕ್ಷೆ ಬರೆದ. 1912ಕ್ಕೆ ಕಟ್ಟಡ ಮುಗಿಯಿತು. ಆ ಕಾಲದ ದುಡ್ಡಿನಲ್ಲಿ 40 ಲಕ್ಷ ರೂಪಾಯಿಗೂ ಮೇಲೆ ಖರ್ಚಾಯಿತು. ಇಷ್ಟೂ ಪುಸ್ತಕಗಳಲ್ಲಿ ಸಿಗುತ್ತದೆ. ನಕ್ಷೆ ಬರೆದವನ ಹೆಸರಿದೆ, ಕಟ್ಟಿಸಿದವರ ಹೆಸರಿದೆ. ಹದಿನೈದು ವರ್ಷ ಕಲ್ಲು ಹೊತ್ತವರ, ಗಾರೆ ಅರೆದವರ ಹೆಸರನ್ನು ಹುಡುಕಿಕೊಂಡು ಹೋದರೆ ಯಾವ ಗೋಡೆಯಲ್ಲೂ ಇಲ್ಲ.

ಒಳಗೆ ಹೋಗಬೇಕಾದರೆ ಎಲ್ಲರೂ ಚಪ್ಪಲಿ ಬಿಡಬೇಕು. ಸಾಹೇಬನೂ ಬಿಡಬೇಕು, ಸಾಹುಕಾರನೂ ಬಿಡಬೇಕು. ನಮ್ಮೂರ ಬೀದಿಯಲ್ಲಿ ಚಪ್ಪಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದವರು ನಾವು ಮಾತ್ರ. ಇಲ್ಲಿ ನೋಡಿದರೆ ಎಲ್ಲರೂ ಬರಿಗಾಲು! ಈ ಒಂದು ಸಮಾನತೆ ನಮಗೆ ಅರಮನೆಯಲ್ಲಿ ಸಿಕ್ಕಿತು ಅಂತ ನಾವು ಗೆಳೆಯರು ನಕ್ಕಿದ್ದುಂಟು. ಸಂಜೆಯ ದೀಪ ಹತ್ತಿದಾಗ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು ಒಟ್ಟಿಗೇ ಉರಿಯುತ್ತವೆ. ಅವ್ವ ಅದನ್ನು ನೋಡಿ, ‘ಇದ್ರಲ್ಲಿ ಒಂದ್ ಹತ್ತು ಬಿಚ್ಕೊಟ್ರೆ ನಮ್ ಕೇರಿಗಾಯ್ತದೆ’ ಅಂದಳು. ಆಗಿನ್ನೂ ನಮ್ಮ ಕೇರಿಗೆ ಲೈಟುಕಂಬ ಬಂದಿರಲಿಲ್ಲ.

ಅರಮನೆಯ ಬಗ್ಗೆ ನ್ಯಾಯವಾಗಿ ಹೇಳಬೇಕಾದ ಮಾತೂ ಒಂದಿದೆ. ನಾಲ್ವಡಿಯವರ ಆಡಳಿತದಲ್ಲಿ 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಸರ್ಕಾರಿ ನೌಕರಿ ಒಂದೇ ಜಾತಿಯವರ ಕೈಯಲ್ಲಿ ಇರಬಾರದು ಎಂಬ ಮಾತಿಗೆ ಸರ್ಕಾರದ ಮುದ್ರೆ ಬಿತ್ತು. ಅದಕ್ಕೆ ಒಪ್ಪದ ದಿವಾನ್ ವಿಶ್ವೇಶ್ವರಯ್ಯನವರು ಹುದ್ದೆ ಬಿಟ್ಟು ಹೋದರು. ದೊರೆ ಮಣಿಯಲಿಲ್ಲ. ಇದನ್ನು ನಾವು ಮರೆಯುವುದಿಲ್ಲ. ಆದರೆ ನೌಕರಿಯ ಬಾಗಿಲು ಬೇರೆ, ಅಂಗಡಿಯ ಬಾಗಿಲು ಬೇರೆ. ಮೀಸಲಾತಿ ತೆರೆದದ್ದು ಮೊದಲನೆಯದನ್ನು. ಎರಡನೆಯದು ಇನ್ನೂ ಮುಚ್ಚಿಯೇ ಇದೆ. ನಮ್ಮ ತಕರಾರು ಇರುವುದು ಅಲ್ಲಿ.

ಅರಮನೆಯಿಂದ ಕೆ.ಆರ್. ಸರ್ಕಲ್ ದಾಟಿದರೆ ಸಯ್ಯಾಜಿರಾವ್ ರಸ್ತೆ. ಬಟ್ಟೆ, ಪಾತ್ರೆ, ಚಿನ್ನ, ಮಿಠಾಯಿ, ಔಷಧಿ, ಎಲ್ಲ ಇಲ್ಲೇ. ದಸರೆಯ ಆನೆ ಚಿನ್ನದ ಅಂಬಾರಿ ಹೊತ್ತು ಬನ್ನಿಮಂಟಪಕ್ಕೆ ಹೋಗುವುದೂ ಇದೇ ರಸ್ತೆಯಲ್ಲಿ. ದಿನಾ ಓಡಾಡುವವರಿಗೂ ಇದು ಯಾರ ಹೆಸರು ಅಂತ ಗೊತ್ತಿಲ್ಲ. ಗೆಳೆಯರೇ, ಇದು ಬರೋಡಾದ ಮಹಾರಾಜ ಸಯ್ಯಾಜಿರಾವ್ ಗಾಯಕವಾಡರ ಹೆಸರು. 1913ರಲ್ಲಿ ಯುವಕ ಅಂಬೇಡ್ಕರರಿಗೆ ವಿದ್ಯಾರ್ಥಿವೇತನ ಕೊಟ್ಟು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದವರು. ನಮಗೆ ಇದು ತಿಳಿದ ದಿನದಿಂದ ಆ ರಸ್ತೆಯ ಬೋರ್ಡು ನೋಡಿದರೆ ಎದೆ ಬೆಚ್ಚಗಾಗುತ್ತದೆ.

ಆದರೆ ಆ ಕಥೆಯ ಇನ್ನರ್ಧವನ್ನೂ ನೆನೆಯಬೇಕು. ಓದು ಮುಗಿಸಿ 1917ರಲ್ಲಿ ಕೆಲಸಕ್ಕೆಂದು ಬರೋಡಾಕ್ಕೆ ಹೋದ ಅಂಬೇಡ್ಕರರಿಗೆ ಇಡೀ ಊರಲ್ಲಿ ತಂಗಲು ಜಾಗ ಸಿಗಲಿಲ್ಲ. ಪಾರ್ಸಿಗಳ ಛತ್ರವೊಂದರಲ್ಲಿ ಹೆಸರು ಮರೆಸಿಕೊಂಡು ಉಳಿದರು. ಜಾತಿ ಗೊತ್ತಾದೊಡನೆ ದೊಣ್ಣೆ ಹಿಡಿದು ಬಂದ ಗುಂಪು ಅವರನ್ನು ಹೊರಗೆ ಹಾಕಿತು. ರಾಜ ಓದಿಸಬಲ್ಲ, ಊರು ಬಾಡಿಗೆಗೆ ಒಂದು ಕೋಣೆ ಕೊಡಲಿಲ್ಲ. ರಾಜನ ಕೈಯಲ್ಲಿದ್ದದ್ದು ಖಜಾನೆ. ಬಾಗಿಲ ಬೀಗದಕೈ ಇದ್ದದ್ದು ಊರಿನವರ ಸೊಂಟದಲ್ಲಿ. ಸಯ್ಯಾಜಿರಾವ್ ರಸ್ತೆಯ ಅಂಗಡಿ ಸಾಲುಗಳನ್ನು ನೋಡುವಾಗ ನಮಗೆ ಈ ಬೀಗದಕೈ ನೆನಪಾಗುತ್ತದೆ. ಯಾಕೆಂದರೆ ಇಲ್ಲಿ ಕೊಳ್ಳುವವನ ಜಾತಿಯನ್ನು ಯಾರೂ ಕೇಳುವುದಿಲ್ಲ. ಮಾರಲು ಹೊರಟವನ ಜಾತಿಯನ್ನು ಕೇಳುತ್ತಾರೆ.

ನಮ್ಮ ದೊಡ್ಡಪ್ಪನ ಕಥೆ ಹೇಳಬೇಕು. ಅವರು ಊರ ಬಸ್ಟ್ಯಾಂಡಿನ ಹತ್ತಿರ ಗುಡ್ಲು ಹಾಕಿ ಟೀ ಅಂಗಡಿ ಇಟ್ಟರು. ಕೈ ಚೊಕ್ಕಟ, ಟೀ ಗಟ್ಟಿ. ಮೂರು ತಿಂಗಳು ಕಾದರು. ಊರವರು ಒಬ್ಬರೂ ಬರಲಿಲ್ಲ. ಅದು ಗೊತ್ತಿದ್ದದ್ದೇ. ದೊಡ್ಡಪ್ಪನಿಗೆ ಹೊಟ್ಟೆ ಉರಿದದ್ದು ಬೇರೆಯದಕ್ಕೆ. ನಮ್ಮವರೇ ಎದುರಿನ ಹೋಟ್ಲಿಗೆ ಹೋಗಿ, ಹೊರಗೆ ಗೂಡಿನಲ್ಲಿಟ್ಟ ಬೇರೆ ಲೋಟ ತಗೊಂಡು, ತಾವೇ ತೊಳೆದು, ನಿಂತೇ ಕುಡಿದು ಬರುತ್ತಿದ್ದರು. ‘ಅವ್ರ ಹೋಟ್ಲು ಕಣಣ್ಣ, ರುಚಿ ಬೇರೆ’ ಅನ್ನೋರು. ದೊಡ್ಡಪ್ಪ ಗುಡ್ಲು ಕಿತ್ತು, ಪಾತ್ರೆ ಗಂಟು ಕಟ್ಟಿ ಮೈಸೂರಿಗೆ ಬಂದರು. ಅಶೋಕಪುರಂನ ನೆಂಟರ ಮನೆಯಲ್ಲಿ ಇಳಿದರು.

ಅಶೋಕಪುರಂ ಯಾವ ಪ್ರವಾಸಿ ನಕ್ಷೆಯಲ್ಲೂ ‘ನೋಡಬೇಕಾದ ಸ್ಥಳ’ ಅಲ್ಲ. ಆದರೆ ನಮ್ಮ ಸೀಮೆಯ ಎಷ್ಟೋ ಹುಡುಗರಿಗೆ ಮೈಸೂರು ಅಂದರೆ ಮೊದಲು ಅಶೋಕಪುರಂ. ಪಕ್ಕದ ರೈಲ್ವೆ ವರ್ಕ್‌ಶಾಪಿನ ಸಂಬಳ ಅಲ್ಲಿನ ಹಲವು ಮನೆಗಳನ್ನು ಎತ್ತಿ ನಿಲ್ಲಿಸಿತು. ಆ ಮನೆಗಳ ಪಡಸಾಲೆಯಲ್ಲಿ ಮಲಗಿ, ಅವರ ಮುದ್ದೆ ಉಂಡು, ಹಳ್ಳಿಯ ಹುಡುಗರು ಕಾಲೇಜು ಕಂಡರು. ಅರಮನೆ ಒಡೆಯರದ್ದಾದರೆ ನಮ್ಮ ಪಾಲಿನ ಛತ್ರ ಅದು.

ದೊಡ್ಡಪ್ಪ ತಳ್ಳುಗಾಡಿಯಲ್ಲಿ ಇಡ್ಲಿ, ವಡೆ, ಟೀ ಶುರುಮಾಡಿದರು. ಬೆಳಿಗ್ಗೆ ಐದಕ್ಕೆ ಹಮಾಲಿಗಳು, ಆಟೋದವರು, ಬಸ್ಸಿನವರು, ಕಾಲೇಜು ಹುಡುಗರು ಸುತ್ತ ನಿಂತು ತಿನ್ನೋರು. ಯಾರು ಮಾಡಿದ್ದು ಅಂತ ಒಬ್ಬರೂ ಕೇಳಲಿಲ್ಲ. ಜನಿವಾರದವರೂ ತಿಂದರು, ಉಡದಾರದವರೂ ತಿಂದರು. ಊರಲ್ಲಿ ಮೂರು ತಿಂಗಳು ನಡೆಯದ ಕೈರುಚಿ ಇಲ್ಲಿ ವರ್ಷಗಟ್ಟಲೆ ನಡೆಯಿತು. ನಾಲ್ಕು ಕಾಸು ಸೇರಿದ ಮೇಲೆ, ಮಳೆಗೆ ನೆನೆಯುವುದು ಬೇಡ ಅಂತ ಒಂದು ಪುಟ್ಟ ಮಳಿಗೆ ಬಾಡಿಗೆಗೆ ಕೇಳಿದರು. ಮಾಲೀಕ ಅಡ್ವಾನ್ಸು ಹೇಳಿದ, ಬಾಡಿಗೆ ಹೇಳಿದ, ಎಲ್ಲ ಒಪ್ಪಿಗೆಯಾಯಿತು. ಕೊನೆಗೆ, ‘ಅಂದಂಗೆ ಯಾವ ಜನ ನೀವು?’ ಅಂದ. ದೊಡ್ಡಪ್ಪ ಇದ್ದದ್ದು ಇದ್ದಂಗೆ ಹೇಳಿದರು. ಮಾರನೇ ದಿನ ಹೋದರೆ, ‘ನಮ್ಮ ನೆಂಟರೊಬ್ಬರು ಕೇಳ್ಬಿಟ್ರು ಯಜಮಾನ್ರೇ’ ಅಂತ ಉತ್ತರ. ಆ ಮಳಿಗೆ ಆಮೇಲೆ ನಾಲ್ಕು ತಿಂಗಳು ಖಾಲಿ ಇತ್ತು. ಗಾಡಿಯ ಇಡ್ಲಿ ತಿನ್ನಲು ಆ ಮಾಲೀಕನೂ ಬರುತ್ತಿದ್ದನಂತೆ!

ಒಬ್ಬ ಮಾಲೀಕನ ಕೆಟ್ಟತನ ಅಂತ ಇದನ್ನು ಮುಗಿಸಿಬಿಡಬಹುದು. ಹಾಗಲ್ಲ. ಇದೇ ರಸ್ತೆಯಲ್ಲಿ ಮೈಸೂರುಪಾಕಿನ ಅಂಗಡಿಯಿದೆ. ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರು ಆ ಸಿಹಿಯನ್ನು ಮೊದಲು ಮಾಡಿದರೆಂದು ಹೇಳುತ್ತಾರೆ. ಅವರ ವಂಶದವರೇ ಇಂದಿಗೂ ಅಂಗಡಿ ನಡೆಸುತ್ತಿದ್ದಾರೆ. ಒಳ್ಳೆಯದು. ಒಬ್ಬನ ಕೈಕೆಲಸ ಅಂಗಡಿಯಾಗಿ ಮರಿಮಕ್ಕಳ ಕಾಲಕ್ಕೂ ಅನ್ನ ಕೊಟ್ಟಿತು. ನಮ್ಮ ತಾತಂದಿರಿಗೂ ಕೈಕೆಲಸ ಗೊತ್ತಿತ್ತು. ಚರ್ಮ ಹದ ಮಾಡುವುದು, ಕಪಿಲೆ ಬಾನಿ ಹೊಲಿಯುವುದು, ಎಕ್ಕಡ ಕಟ್ಟುವುದು, ತಮಟೆಗೆ ಚರ್ಮ ಬಿಗಿಯುವುದು. ಅವು ಯಾಕೆ ಅಂಗಡಿಯಾಗಲಿಲ್ಲ?

ಯಾಕೆಂದರೆ ಊರಲ್ಲಿ ಆ ಕೆಲಸಕ್ಕೆ ಬೆಲೆ ಕಟ್ಟುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣದ ಮೂಲೆಯಿಂದ ಗುಡಿಸಿ ಕೊಟ್ಟ ‘ಆಯ’ವೇ ಕೂಲಿ. ಆಯ ಹೊಟ್ಟೆಗೆ ಆಯ್ತು. ಕೈಗೆ ಕಾಸು ಬರಲಿಲ್ಲ. ಕಾಸಿಲ್ಲದೆ ಬಂಡವಾಳವಿಲ್ಲ. ಅಡ ಇಡಲು ಹೊಲವಿಲ್ಲ, ಸಾಲಕ್ಕೆ ಜಾಮೀನಿಲ್ಲ. ಇನ್ನು ಅಂಗಡಿ ಇಡಲು ಬೇಕಾದ ಜಗಲಿಯಂತೂ ಊರೊಳಗೆ ಇತ್ತು, ನಾವಿದ್ದದ್ದು ಊರ ಹೊರಗೆ. ಚರ್ಮದಲ್ಲಿ ದುಡ್ಡಿದೆ ಅಂತ ಗೊತ್ತಾದಾಗ ಗಾಜಿನ ಬಾಗಿಲಿನ ಬೂಟಿನ ಅಂಗಡಿಗಳು ಎದ್ದವು. ಅಲ್ಲಿ ಗಲ್ಲಾದ ಮೇಲೆ ಕೂತವರು ಬೇರೆಯವರು. ಮೈಲಿಗೆ ನಮ್ಮ ಪಾಲಿಗೆ ಉಳಿಯಿತು, ಲಾಭ ಅವರ ಪಾಲಿಗೆ ಹೋಯಿತು.

ನಂಬದಿದ್ದರೆ ದೇವರಾಜ ಅರಸು ರಸ್ತೆಗೆ ಬನ್ನಿ. ಮೈಸೂರಿನ ಹೊಳೆಯುವ ರಸ್ತೆ ಇದು. ಅರಸು ಕಾಲದಲ್ಲಿ 1974ರ ಭೂಸುಧಾರಣೆ ಕಾನೂನು ಬಂತು, ಹಾವನೂರು ಆಯೋಗ ಬಂತು. ಅವರ ಮಂತ್ರಿಮಂಡಲದಲ್ಲಿದ್ದ ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರಿಸುವುದನ್ನು ನಿಷೇಧಿಸಿದರು. ಅಂಥ ಅರಸು ಹೆಸರಿನ ರಸ್ತೆಯ ಬದಿಯಲ್ಲಿ ಹರಿದ ಛತ್ರಿಯ ಕೆಳಗೆ ನಮ್ಮ ಅಣ್ಣ ಒಬ್ಬ ಕೂತಿರುತ್ತಾನೆ. ಉಳಿ, ರಂಪಿಗೆ, ಮೇಣ ಹಚ್ಚಿದ ದಾರ, ಒಂದು ಮರದ ಪೆಟ್ಟಿಗೆ. ಅವನೂ ಸ್ವಂತ ವ್ಯಾಪಾರಿಯೇ. ಯಾರ ಕೈಕೆಳಗೂ ಇಲ್ಲ. ಹಿಂದಿನ ಅಂಗಡಿಯಲ್ಲಿ ಸಾವಿರಗಟ್ಟಲೆ ಕೊಟ್ಟು ತಂದ ಬೂಟು ಬಾಯಿಬಿಟ್ಟರೆ ಅದನ್ನು ಮುಚ್ಚುವವನು ಅವನೇ. ಆದರೆ ದೊಡ್ಡವರು ಬರುತ್ತಾರೆ ಅಂದ ದಿನ ಪೆಟ್ಟಿಗೆ ಎತ್ತಬೇಕಾದವನೂ ಅವನೇ. ಬೀದಿ ವ್ಯಾಪಾರಿಗಳ ರಕ್ಷಣೆಗೆ ಅಂತ 2014ರಲ್ಲಿ ಕೇಂದ್ರದ ಕಾನೂನೇ ಬಂದಿದೆ. ಸಮೀಕ್ಷೆ ಮಾಡಿ ಗುರುತಿನ ಪತ್ರ ಕೊಡಬೇಕು, ಪಟ್ಟಣದ ಸಮಿತಿಯಲ್ಲಿ ವ್ಯಾಪಾರಿಗಳೇ ಇರಬೇಕು, ಸಮೀಕ್ಷೆ ಮುಗಿಯದೆ ಯಾರನ್ನೂ ಎಬ್ಬಿಸಬಾರದು ಅನ್ನುತ್ತದೆ ಕಾನೂನು. ‘ಅಂಗಂತ ಯಾರೂ ಹೇಳ್ನೇ ಇಲ್ವಲ್ಲಪ್ಪ’ ಅಂದ ಆ ಅಣ್ಣ, ದಾರ ಹಲ್ಲಲ್ಲಿ ಕಚ್ಚಿಕೊಂಡೇ.

ಇನ್ನು ದೇವರಾಜ ಮಾರುಕಟ್ಟೆ. ಅದರ ಒಂದು ತುದಿಗೆ 1886ರ ಚಿಕ್ಕ ಗಡಿಯಾರ. ಒಳಗೆ ಹೊಕ್ಕರೆ ಮೂಗು, ಕಣ್ಣು, ಕಿವಿ ಮೂರಕ್ಕೂ ಕೆಲಸ. ಮಲ್ಲಿಗೆ ಮೊಗ್ಗಿನ ರಾಶಿ, ಕುಂಕುಮದ ಗೋಪುರಗಳು, ವೀಳ್ಯದೆಲೆಯ ಕವಳಿಗೆ, ನಂಜನಗೂಡು ರಸಬಾಳೆಯ ಗೊನೆ. ಕ್ಯಾಮೆರಾ ಹಿಡಿದು ಬಂದವರು ಕುಂಕುಮದ ಬಣ್ಣವನ್ನು ತೆಗೆಯುತ್ತಾರೆ. ಮೂಟೆ ಹೊತ್ತು ‘ದಾರಿ ದಾರಿ’ ಅಂತ ಕೂಗಿಕೊಂಡು ಬರುವವನು ಅಡ್ಡ ಬಂದರೆ ಅವನು ದಾಟಿಹೋಗುವವರೆಗೆ ಕಾಯುತ್ತಾರೆ.

2012ರ ಆಗಸ್ಟಿನಲ್ಲಿ ಈ ಮಾರುಕಟ್ಟೆಯ ಬಳಿಯ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ಮಾರುಕಟ್ಟೆಯ ಒಂದು ಭಾಗವೇ ಕುಸಿಯಿತು. ಅಲ್ಲಿಂದ ದೊಡ್ಡ ಜಗಳ. ಕೆಡವಿ ಹೊಸದು ಕಟ್ಟಬೇಕು ಅಂತ ಕೆಲವರು, ಪರಂಪರೆ, ದುರಸ್ತಿ ಮಾಡಿ ಉಳಿಸಬೇಕು ಅಂತ ಕೆಲವರು. ವಿವಾದ ಹೈಕೋರ್ಟಿಗೂ ಹೋಯಿತು. ನಮಗೆ ಹಳೇ ಕಟ್ಟಡದ ಮೇಲೆ ದ್ವೇಷವಿಲ್ಲ. ಆ ಕಮಾನಿನ ಕೆಳಗಿನ ತಂಪು ಯಾವ ಮಾಲ್‌ನಲ್ಲೂ ಸಿಗುವುದಿಲ್ಲ ಅನ್ನುವುದು ನಮಗೂ ಗೊತ್ತು. ಆದರೆ ಈ ಜಗಳದಲ್ಲಿ ಮಾತಾಡಿದವರು ಕಟ್ಟಡ ಬಲ್ಲವರು, ಇಂಜಿನಿಯರುಗಳು, ಬಾಡಿಗೆ ಚೀಟಿ ಇರುವ ವ್ಯಾಪಾರಿಗಳು. ಚೀಟಿ ಇಲ್ಲದ ಹಮಾಲಿ, ಹೊರಗೋಡೆಗೆ ಒರಗಿ ಸೊಪ್ಪು ಮಾರುವ ನಮ್ಮಕ್ಕ, ಮೊಳಕ್ಕಿಷ್ಟು ಅಂತ ಹೂ ಕಟ್ಟುವ ಹೆಂಗಸರು ಇವರ ಮಾತು ಯಾವ ಕಡತದಲ್ಲಿದೆ? ಕೆಡವಿದರೂ ಅವರು ಬೀದಿಗೆ, ಉಳಿಸಿದರೂ ಅವರು ಬೀದಿಯಲ್ಲೇ.

ಲ್ಯಾನ್ಸ್‌ಡೌನ್ ಕಟ್ಟಡದ ಮೇಲೆ ನಮಗೆ ಬೇರೆ ಮಮತೆಯೂ ಇದೆ. ಅಲ್ಲಿ ಹಳೇ ಪುಸ್ತಕದ ಅಂಗಡಿಗಳಿದ್ದವು. ಹಾಸ್ಟೆಲಿನ ನಮ್ಮಂಥವರ ಪಠ್ಯಪುಸ್ತಕವೆಲ್ಲ ಅಲ್ಲಿಂದಲೇ ಅರ್ಧ ಬೆಲೆಗೆ ಬಂದದ್ದು. ಮೊದಲ ಪುಟದಲ್ಲಿ ಹಿಂದೆ ಓದಿದವರ ಹೆಸರು ಇರುತ್ತಿತ್ತು. ರಾವ್, ಶಾಸ್ತ್ರಿ, ಅಯ್ಯಂಗಾರ್. ಅದರ ಕೆಳಗೆ ನಾವು ನಮ್ಮಪ್ಪನಿಟ್ಟ ಹೆಸರನ್ನು ದಪ್ಪಕ್ಷರದಲ್ಲಿ ಬರೆಯುತ್ತಿದ್ದೆವು. ಒಂದೇ ಪುಟದಲ್ಲಿ ಅವರೂ ನಾವೂ! ಇದೇ ಮೈಸೂರಿನಲ್ಲಿ 1973ರ ನವೆಂಬರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದರು. ರಾಜ್ಯವೇ ಹೊತ್ತಿ ಉರಿಯಿತು, ದಲಿತ ಹುಡುಗರು ಏಟು ತಿಂದರು, ಅವರು ಮಂತ್ರಿಗಿರಿ ಬಿಡಬೇಕಾಯಿತು. ಆದರೆ ಆ ಮಾತಿನ ಬಿಸಿಯಲ್ಲೇ ದಲಿತ ಚಳವಳಿ ಮೊಳಕೆಯೊಡೆಯಿತು. ಹಳೇ ಪುಸ್ತಕದ ಗುಡ್ಡೆಯಲ್ಲಿ ನಮ್ಮವರ ಬದುಕಿನ ಒಂದು ಪುಸ್ತಕಕ್ಕೆ ತಡಕಾಡಿದವರಿಗೆ ಬಸವಲಿಂಗಪ್ಪನವರ ಸಿಟ್ಟು ಅರ್ಥವಾಗುತ್ತದೆ.

ಕಾರ್ಖಾನೆಗಳ ಮೈಸೂರೂ ಒಂದಿದೆ. ಗಂಧದೆಣ್ಣೆ ಕಾರ್ಖಾನೆ 1916ರದ್ದು. ಬಣ್ಣ ಮತ್ತು ಅರಗಿನ ಕಾರ್ಖಾನೆ 1937ರದ್ದು. ಈ ಎರಡನೆಯದರಲ್ಲೇ ಚುನಾವಣೆಯ ಅಳಿಸದ ಮಸಿ ತಯಾರಾಗುತ್ತದೆ. 1962ರ ಚುನಾವಣೆಯಿಂದ ದೇಶದ ಜನರ ಬೆರಳಿಗೆ ಬಿದ್ದದ್ದು ಮೈಸೂರಿನ ಮಸಿ. ರೇಷ್ಮೆ, ಗಂಧ, ಮಲ್ಲಿಗೆ ಅಂತ ಈ ಊರನ್ನು ಹಾಡುವವರು ಮಸಿಯನ್ನು ಯಾಕೆ ಹಾಡುವುದಿಲ್ಲವೋ! ರೇಷ್ಮೆ ಸೀರೆ ನಮ್ಮ ಕೇರಿಗೆ ಬರಲಿಲ್ಲ, ಗಂಧದೆಣ್ಣೆ ಬರಲಿಲ್ಲ. ಮಸಿ ಬಂತು. ಗೌಡರ ಬೆರಳಿಗೆ ಬಿದ್ದಷ್ಟೇ ನಮ್ಮವ್ವನ ಬೆರಳಿಗೂ ಬಿತ್ತು, ಒಂದು ತೊಟ್ಟೂ ಕಮ್ಮಿಯಿಲ್ಲ.

ದಸರೆಯ ಮಾತು ಬಿಟ್ಟರೆ ಮೈಸೂರಿನ ಲೆಕ್ಕ ಮುಗಿಯದು. 2015ರಲ್ಲೂ 2016ರಲ್ಲೂ ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೈಸೂರು ಮೊದಲನೆಯದಾಯಿತು. ಮೆರವಣಿಗೆ ಮುಗಿದ ರಾತ್ರಿ ಸಯ್ಯಾಜಿರಾವ್ ರಸ್ತೆಗೆ ಬಂದು ನಿಂತರೆ ಆ ಬಹುಮಾನ ಯಾರದ್ದು ಅಂತ ಕಾಣುತ್ತದೆ. ಆನೆಯ ಲದ್ದಿ, ಕಡಲೆಕಾಯಿ ಸಿಪ್ಪೆ, ಹರಿದ ಚಪ್ಪಲಿ, ಬೆಳಕು ಹರಿಯುವುದರೊಳಗೆ ಎಲ್ಲವನ್ನೂ ಗುಡಿಸಿ ಮುಗಿಸುವ ಪೌರಕಾರ್ಮಿಕರು ಯಾವ ಕೇರಿಯವರು ಅಂತ ಬಿಡಿಸಿ ಹೇಳಬೇಕೇ? ಆದರೂ ಕಾಲ ನಿಂತಲ್ಲೇ ನಿಂತಿಲ್ಲ. 2025ರಲ್ಲಿ ದಸರೆಯನ್ನು ಉದ್ಘಾಟಿಸಿದ್ದು ಬಂಡಾಯದ ಒಡನಾಡಿ, ಅದೇ ವರ್ಷ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್. ಅವರು ದೀಪ ಹಚ್ಚಬಾರದು ಅಂತ ಸುಪ್ರೀಂ ಕೋರ್ಟಿನವರೆಗೂ ಹೋದವರಿದ್ದರು. ಕೋರ್ಟು ಒಪ್ಪಲಿಲ್ಲ. ದೀಪ ಹತ್ತಿತು.

ದೊಡ್ಡಪ್ಪನ ಮೊಮ್ಮಗ ಈಗ ಕಾಲೇಜೊಂದರ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಮಳಿಗೆ ಹಿಡಿಯುವಾಗ ಅವನನ್ನೂ ಸುತ್ತಿ ಬಳಸಿ ಕೇಳಿದರಂತೆ. ‘ಜನ ಯಾವ್ದಾದ್ರೇನು ಸಾರ್, ಬಾಡಿಗೆ ಐದನೇ ತಾರೀಕಿಗೆ ಬರುತ್ತೆ’ ಅಂದನಂತೆ ಹುಡುಗ. ಅಂಗಡಿ ತೆರೆಯುವ ಹಿಂದಿನ ರಾತ್ರಿ ಮನೆಯಲ್ಲಿ ದೊಡ್ಡ ಚರ್ಚೆ. ಗೋಡೆಗೆ ಬಾಬಾಸಾಹೇಬರ ಫೋಟೋ ಹಾಕುವುದೋ ಬೇಡವೋ? ‘ಬೇಡ ಕಣ್ಲಾ, ಲಕ್ಷ್ಮಿ ಪಟ ಹಾಕು. ಗಿರಾಕಿ ತಿರುಗಿ ಹೋದ್ರೆ ಸಾಲ ಕಟ್ಟೋರ್ಯಾರು?’ ಅಂದರು ಹಿರಿಯರು. ಅವರ ಭಯಕ್ಕೆ ಕಾರಣವಿತ್ತು. ಅವರು ಗುಡ್ಲು ಕಿತ್ತು ಬಂದವರ ಮಕ್ಕಳು. ಹುಡುಗ ಬೆಳಿಗ್ಗೆ ಗಲ್ಲಾದ ಹಿಂದೆಯೇ ಮೊಳೆ ಹೊಡೆದು ನೀಲಿ ಕೋಟಿನ ಫೋಟೋ ನೇತುಹಾಕಿದ. ಮಾಲೀಕ ಬಂದು ನೋಡಿ, ಏನೂ ಅನ್ನದೆ ಹೋದ. ಕೆಲವರು ಫೋಟೋ ನೋಡಿ ಮುಂದಿನ ಅಂಗಡಿಗೆ ಹೋದರು. ಆ ಫೋಟೋ ನೋಡಿಯೇ ಒಳಗೆ ಬಂದ ಹಾಸ್ಟೆಲ್ ಹುಡುಗರು ಅವರಿಗಿಂತ ಜಾಸ್ತಿಯಾದರು. ಅಂಗಡಿ ನಡೆಯುತ್ತಿದೆ. ಲಾಭ ಅಷ್ಟಕ್ಕಷ್ಟೆ, ಬಾಡಿಗೆ ಮಾತ್ರ ಐದನೇ ತಾರೀಕಿಗೇ ಹೋಗುತ್ತದೆ.

ಹಳ್ಳಿಯ ಶಾಲೆಗಳ ಮೇಷ್ಟ್ರುಗಳೇ, ಮಕ್ಕಳನ್ನು ಮೈಸೂರು ಪ್ರವಾಸಕ್ಕೆ ಕರೆತನ್ನಿ. ಅರಮನೆ ತೋರಿಸಿ. ಹಾಗೇ ರಸ್ತೆಯ ಬೋರ್ಡು ತೋರಿಸಿ ಸಯ್ಯಾಜಿರಾವ್ ಯಾರು, 1917ರಲ್ಲಿ ಬರೋಡಾದಲ್ಲಿ ಏನಾಯಿತು ಅಂತ ಹೇಳಿ. ಮಾರುಕಟ್ಟೆಯೊಳಗೆ ನಿಲ್ಲಿಸಿ, ಇಲ್ಲಿ ಹೊರುವವರು ಯಾರು, ಗುಡಿಸುವವರು ಯಾರು, ತಕ್ಕಡಿ ಹಿಡಿದವರು ಯಾರು ಅಂತ ಮಕ್ಕಳೇ ಎಣಿಸಲಿ. ವಿದ್ಯಾರ್ಥಿ ಗೆಳೆಯರೇ, 2014ರ ಕಾನೂನನ್ನು ಓದಿ, ಛತ್ರಿಯ ಕೆಳಗೆ ಕೂತ ಅಣ್ಣನಿಗೆ ಓದಿ ಹೇಳಿ. ನಮ್ಮವರ ಗಾಡಿ, ನಮ್ಮವರ ಅಂಗಡಿ ಎಲ್ಲಿದೆಯೋ ಹುಡುಕಿಕೊಂಡು ಹೋಗಿ ಕೊಳ್ಳಿ. ದೊಡ್ಡಪ್ಪನ ಗುಡ್ಲನ್ನು ಊರವರು ಮಾತ್ರ ಕೀಳಿಸಲಿಲ್ಲ ಎಂಬುದು ನೆನಪಿರಲಿ. ಕಾರ್ಯಕರ್ತ ಬಂಧುಗಳೇ, ದೊಡ್ಡಗಡಿಯಾರದ ಎದುರು, ಪುರಭವನದ ಮುಂದಿನ ಅಂಬೇಡ್ಕರ್ ಪ್ರತಿಮೆಯ ಬುಡದಲ್ಲಿ ನಾವು ಭೂಮಿಗಾಗಿ ಕೂಗಿದ್ದೇವೆ, ನೌಕರಿಗಾಗಿ ಕೂಗಿದ್ದೇವೆ. ಇನ್ನು ಮಳಿಗೆಗಾಗಿಯೂ ಕೂಗಬೇಕು. ದೇವರಾಜ ಮಾರುಕಟ್ಟೆಯನ್ನು ಉಳಿಸಲಿ ಅಥವಾ ಹೊಸದಾಗಿ ಕಟ್ಟಲಿ, ಅಂಗಡಿ ಹಂಚುವ ದಿನ ಒಂದು ಪಟ್ಟಿ ತಯಾರಾಗುತ್ತದೆ. ಆ ಪಟ್ಟಿಯಲ್ಲಿ ಹಮಾಲಿಯ ಹೆಸರು, ಸೊಪ್ಪಿನ ಅಕ್ಕನ ಹೆಸರು, ಹೂ ಕಟ್ಟುವವಳ ಹೆಸರು ಎಷ್ಟನೆಯದು ಅಂತ ಈಗಲೇ ಹೋಗಿ ಕೇಳೋಣ. ಹಂಚಿ ಮುಗಿದ ಮೇಲೆ ಕೇಳಿದರೆ, ‘ನಮ್ಮ ನೆಂಟರೊಬ್ಬರು ಕೇಳ್ಬಿಟ್ರು’ ಅನ್ನುತ್ತಾರೆ.